ಯಾವ ಪೆನ್ ಒಳ್ಳೆಯದು ಎಂದು ಕೇಳುವವರಿಗೆ

ಮನೆಯಲ್ಲಿ ಬಟ್ಟೆ ಹೊಲಿಯಲು ಕಲಿಯುತ್ತಿರುವವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ: "ಬಟ್ಟೆಯ ಮೇಲೆ ಗುರುತು ಹಾಕಲು ಯಾವ ಪೆನ್ ಒಳ್ಳೆಯದು?" ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ. ಎಲ್ಲ ಬಟ್ಟೆಗೂ ಒಗ್ಗುವ ಪೆನ್ ಇಲ್ಲ. ಬಟ್ಟೆ ಯಾವುದು, ಗುರುತು ಯಾವುದಕ್ಕೆ, ಅದು ಎಷ್ಟು ದಿನ ಉಳಿಯಬೇಕು ಎಂದು ಹೇಳದೆ ಬರೀ ಹೆಸರು ಕೇಳಿದರೆ ನಾನು ಏನು ಹೇಳಿದರೂ ಅದು ಅರ್ಧ ಉತ್ತರವೇ. ಇಷ್ಟಕ್ಕೆ ಕೆಲವರು ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಳ್ಳುತ್ತಾರೆ. ಗುಟ್ಟೇನೂ ಇಲ್ಲ, ಕೇಳುವ ತಾಳ್ಮೆ ಬೇಕು ಅಷ್ಟೆ.

ಪರಿಚಯದ ಹುಡುಗಿಯೊಬ್ಬಳು ನನ್ನ ಮಾತು ಮುಗಿಯುವ ಮೊದಲೇ ಹೋಗಿ, ನೀರಿಗೆ ಅಳಿಸುವ ನೀಲಿ ಪೆನ್ ತಂದಳು. ತಿಳಿಹಳದಿ ಹತ್ತಿ ಅಂಗಿಗೆ ಡಾರ್ಟಿನ (ಅಂಗಿ ಮೈಗೆ ಕೂರಲೆಂದು ಮಡಿಸಿ ಹೊಲಿಯುವ ಚೂಪು ತುದಿಯ ಮಡಿಕೆಯ) ಗೆರೆ ಎಳೆದಳು, ಹೊಲಿದಳು, ಮಡಿಕೆ ಚೆನ್ನಾಗಿ ಕೂರಲೆಂದು ಬಿಸಿಬಿಸಿ ಇಸ್ತ್ರಿ ಮಾಡಿದಳು. ಆಮೇಲೆ ಒಗೆದರೆ ಗೆರೆ ಹೋಗಲೇ ಇಲ್ಲ. ಅಂಗಿ ಹಿಡಿದು ಬಂದು, "ನೀವು ಹೇಳಿದ ಪೆನ್ ಸರಿಯಿಲ್ಲ ಅಕ್ಕಾ" ಎಂದಳು. ನಾನು ಆ ಪೆನ್ನನ್ನು ಹೇಳಿರಲೇ ಇಲ್ಲ. ಅದಿರಲಿ, ಪೆನ್ನಿನದೂ ತಪ್ಪಿರಲಿಲ್ಲ. ಆ ಶಾಯಿಗೆ ಬಿಸಿ ತಾಗಿದರೆ ಅದು ಎಳೆಗಳಿಗೆ ಕಚ್ಚಿಕೊಂಡುಬಿಡಬಹುದು. ಮೊದಲು ಬರೀ ತಣ್ಣೀರಿನಲ್ಲಿ ನೆನೆಸಿ ಬಣ್ಣವನ್ನು ಪೂರ್ತಿ ಬಿಡಿಸಬೇಕು; ಸೋಪು ಆಮೇಲೆ, ಇಸ್ತ್ರಿ ಎಲ್ಲಕ್ಕಿಂತ ಕೊನೆಗೆ. ಆದರೆ ಡಾರ್ಟ್ ಹೊಲಿದ ಕೂಡಲೇ ಇಸ್ತ್ರಿ ಆಗಲೇಬೇಕು, ಇಲ್ಲದಿದ್ದರೆ ಅದು ಮೈಗೆ ಕೂರುವುದಿಲ್ಲ. ಹಾಗಿರುವಾಗ ಇಸ್ತ್ರಿ ತಡೆಯದ ಶಾಯಿಯನ್ನು ಡಾರ್ಟಿಗೆ ಬಳಸುವುದೇಕೆ?

ತಾನಾಗಿ ಮಾಯವಾಗುವ ನೇರಳೆ ಪೆನ್ನಿನ ಕಥೆ ಬೇರೆ. ಅದು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಅಳಿಸಿಹೋಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಇನ್ನೂ ಬೇಗ. ಈ ವಾರ ಕತ್ತರಿಸಿ ಮುಂದಿನ ವಾರ ಹೊಲಿಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಬಿಸಿಗೆ ಅಳಿಸುವ ಪೆನ್ನಿನ ಗೆರೆ ಇಸ್ತ್ರಿಗೆ ಕಾಣೆಯಾದರೂ, ಬಟ್ಟೆ ಹೆಪ್ಪುಗಟ್ಟುವಂಥ ಚಳಿಗೆ ಸಿಕ್ಕಿದರೆ ಮರಳಿ ಬರಬಹುದು. ಗಾಢ ಬಣ್ಣದ ಬಟ್ಟೆಯಲ್ಲಿ ಬಿಳಿಚಿದ ಗೆರೆ ಉಳಿಯುವುದೂ ಉಂಟು. ಮೇಣ ಬೆರೆತ ಚಾಕ್ ತೆಳು ಬಟ್ಟೆಯಲ್ಲಿ ಇಸ್ತ್ರಿಗೆ ಕರಗಿ ಜಿಡ್ಡಿನ ಕಲೆಯಾಗುತ್ತದೆ. ಜೇಡಿಯ ಚಾಕ್ ಕೊಡವಿದರೆ ಹೋಗುತ್ತದೆ, ಆದರೆ ಅದರ ಅಂಚು ಚೂಪಾಗಿರಬೇಕು. ಮೊಂಡು ಚಾಕ್ ಎಳೆಯುವ ದಪ್ಪ ಗೆರೆಯ ಯಾವ ಬದಿಯಲ್ಲಿ ಹೊಲಿಯಬೇಕೆಂದು ಯಾರಿಗೆ ಗೊತ್ತು? ಗಾಢ ಬಣ್ಣದ ಹತ್ತಿಗೆ ಸವೆದು ಒಣಗಿದ ಸೋಪಿನ ಚೂರು ಸಾಕು. ಬಾಲ್‌ಪಾಯಿಂಟ್ ಪೆನ್ ಮುಟ್ಟಲೇಬೇಡಿ.

ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: ಈ ಗುರುತಿಗೆ ಬಣ್ಣ ಬೇಕೇ? ಬಹಳ ಸಲ ಬೇಡ. ತೋಳು ಮತ್ತು ಮೈ ಭಾಗ ಎಲ್ಲಿ ಸೇರಬೇಕೆಂದು ತೋರಿಸಲು ಹೊಲಿಗೆಗೆ ಬಿಟ್ಟ ಅಂಚಿನಲ್ಲಿ ಕತ್ತರಿಯ ತುದಿಯಿಂದ 3 ಮಿಲಿಮೀಟರಿನ ಕಚ್ಚು ಹಾಕಿದರೆ ಮುಗಿಯಿತು. ಎಳೆ ಬಿಚ್ಚಿಕೊಳ್ಳುವ ಬಟ್ಟೆಯಾದರೆ ಒಳಕ್ಕೆ ಕಚ್ಚು ಹಾಕದೆ, ಕತ್ತರಿಸುವಾಗಲೇ ಅಂಚಿನಾಚೆ ಸಣ್ಣ ತ್ರಿಕೋನ ಉಳಿಸಿಕೊಳ್ಳಿ. ನೇರ ಹೊಲಿಗೆಗೆ ಗೆರೆಯನ್ನೇ ಎಳೆಯಬೇಕಿಲ್ಲ, ಹಲವು ಯಂತ್ರಗಳಲ್ಲಿ ಸೂಜಿಯಡಿಯ ಫಲಕದ ಮೇಲೆ ಅಳತೆಯ ಗೀಟುಗಳಿರುತ್ತವೆ.

ಡಾರ್ಟಿನ ತುದಿ, ಜೇಬಿನ ಮೂಲೆ, ಗುಂಡಿಯ ಜಾಗ, ಇವು ಬಟ್ಟೆಯ ನಡುವೆ ಬರುವುದರಿಂದ ಅಲ್ಲಿ ಕತ್ತರಿ ನಡೆಯದು. ಇಲ್ಲಿಗೆ ದಾರದಷ್ಟು ನಂಬಿಕಸ್ಥ ಗುರುತು ನಾನು ಬೇರೆ ಕಂಡಿಲ್ಲ. ಸೂಜಿಗೆ ಜೋಡಿ ದಾರ ಪೋಣಿಸಿ, ಗಂಟು ಹಾಕಬೇಡಿ. ಒಂದರ ಮೇಲೊಂದಿಟ್ಟು ಕತ್ತರಿಸಿದ ಬಟ್ಟೆಯ ಎರಡೂ ಪದರಗಳ ಮೂಲಕ ಚುಚ್ಚಿ ತೆಗೆದು, ಅದೇ ಜಾಗದಲ್ಲಿ ಮತ್ತೊಮ್ಮೆ ಚುಚ್ಚಿ, ಮೇಲೆ ಸಡಿಲವಾದ ಕುಣಿಕೆ ಬಿಟ್ಟು ದಾರದ ತುದಿಗಳನ್ನು ಉದ್ದ ಬಿಟ್ಟು ಕತ್ತರಿಸಿ. ಪದರಗಳನ್ನು ಮೆಲ್ಲಗೆ ಬಿಡಿಸಿ ನಡುವಿನ ದಾರವನ್ನು ತುಂಡು ಮಾಡಿದರೆ ಎಡ ಬಲ ಎರಡೂ ತುಂಡುಗಳಲ್ಲಿ ಒಂದೇ ಜಾಗದಲ್ಲಿ ಗುರುತು ನಿಲ್ಲುತ್ತದೆ. ಅದು ಹೊರಮೈಗೂ ಒಳಮೈಗೂ ಕಾಣುತ್ತದೆ, ಇಸ್ತ್ರಿಗೆ ಹೆದರುವುದಿಲ್ಲ, ತಿಂಗಳು ಕಳೆದರೂ ಇದ್ದಲ್ಲೇ ಇರುತ್ತದೆ. ಸಮಯ ಹಿಡಿಯುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಒಂದು ಡಾರ್ಟಿಗೆ ತಗಲುವುದು ಒಂದೆರಡು ನಿಮಿಷ. ರೇಷ್ಮೆಯ ಮೇಲಿನ ಶಾಯಿ ಕಲೆಗೆ ಎಷ್ಟು ನಿಮಿಷ ಕೊಟ್ಟರೂ ಸಾಲದು.

ಪೆನ್ನೇ ಬೇಕೆಂದರೆ ಉಳಿದ ತುಂಡಿನ ಮೇಲೆ ಗೆರೆ ಎಳೆದು ನೋಡಿ, ನಾನು ಬೇಡ ಎನ್ನುವುದಿಲ್ಲ. ಆದರೆ ಎಳೆದ ಕೂಡಲೇ ಒಗೆದು ನೋಡುವುದು ಪರೀಕ್ಷೆಯಲ್ಲ. ಅಂಗಿ ಎಷ್ಟು ದಿನ ಮೇಜಿನ ಮೇಲಿರುತ್ತದೋ ಅಷ್ಟು ದಿನ ತುಂಡೂ ಇರಲಿ, ಅಂಗಿಗೆ ಬೀಳುವ ಇಸ್ತ್ರಿ ಅದಕ್ಕೂ ಬೀಳಲಿ, ಆಮೇಲೆ ಒಗೆಯಿರಿ.

ದಾರ ಬಳಸುವವರಿಗೆ ಇನ್ನೊಂದು ಮಾತು. ಬಣ್ಣ ಬಿಡದ ದಾರವನ್ನೇ ಆರಿಸಿ, ಬಿಳಿ ಬಟ್ಟೆಗೆ ಕಡುಕೆಂಪು ಬೇಡ. ಯಂತ್ರದ ಹೊಲಿಗೆ ದಾರದ ಮೇಲೆಯೇ ಹಾಯದೆ ಪಕ್ಕದಲ್ಲಿ ಸಾಗಲಿ. ಕೊನೆಯ ಇಸ್ತ್ರಿಗೆ ಮೊದಲೇ ದಾರವನ್ನು ತೆಗೆದುಬಿಡಿ, ಇಲ್ಲದಿದ್ದರೆ ತೆಳು ಬಟ್ಟೆಯಲ್ಲಿ ಅದರ ಅಚ್ಚು ಮೂಡುತ್ತದೆ. ಹೊಲಿಗೆಯಡಿ ಸಿಕ್ಕಿಕೊಂಡಿದ್ದರೆ ಬೆರಳಿನಿಂದ ಜಗ್ಗಬೇಡಿ, ಚಿಮುಟದಲ್ಲಿ ಹಿಡಿದು ಒಂದೊಂದೇ ಎಳೆಯಾಗಿ ಬಿಡಿಸಿ.