ಹೈಡ್ರೋಜನ್ ಹೊದ್ದ ವಜ್ರ

ನಮ್ಮ ಲ್ಯಾಬಿನ ವಜ್ರವನ್ನು ನೋಡಿದರೆ ಯಾರಿಗೂ ವಜ್ರ ಅನಿಸುವುದಿಲ್ಲ. ಸಿಲಿಕಾನ್ ತುಂಡಿನ ಮೇಲೆ ಕೂತ ಕಪ್ಪುಬೂದು ಪದರ ಅಷ್ಟೇ. ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಒಡೆದು ಬೆಳೆಸಿದ್ದು. ಕರೆಂಟ್ ಹರಿಯಲಿ ಅಂತ ಸ್ವಲ್ಪ ಬೋರಾನ್ ಬೆರೆಸಿರುತ್ತೇವೆ.

ಆ ದಿನ ಒಂದೇ ಬ್ಯಾಚಿನ ಎರಡು ತುಂಡುಗಳನ್ನು ನಿರ್ವಾತದ ಚೇಂಬರಿನೊಳಗೆ ಪಕ್ಕಪಕ್ಕ ಇಟ್ಟಿದ್ದೆವು. ಒಂದರ ಮೈಗೆ ಆಕ್ಸಿಜನ್, ಇನ್ನೊಂದಕ್ಕೆ ಹೈಡ್ರೋಜನ್. ಒಳಗೆಲ್ಲ ಅದೇ ವಜ್ರ. ಬೇರೆ ಇದ್ದದ್ದು ಮೇಲಿನ ಒಂದೇ ಒಂದು ಪರಮಾಣು ಪದರ. ಬೆಳಕು ಬಿದ್ದಾಗ ಯಾವುದರಿಂದ ಎಲೆಕ್ಟ್ರಾನ್ ಹೊರಗೆ ಬರುತ್ತದೆ ಅಂತ ನೋಡಬೇಕಿತ್ತು. ಬಂದರೆ ಮೀಟರಿನಲ್ಲಿ ಕರೆಂಟ್ ಕಾಣುತ್ತದೆ.

ಲೇಸರ್ 213 ನ್ಯಾನೋಮೀಟರ್ ತರಂಗಾಂತರದ್ದು, ಅಂದರೆ ಅತಿನೇರಳೆ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಬಿಳಿ ಕಾಗದ ಅಡ್ಡ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ, ಅದನ್ನು ನೋಡಿಕೊಂಡೇ ಕಿರಣವನ್ನು ಕೂರಿಸಬೇಕು. ಸಾಮಾನ್ಯ ಗಾಜು ಇದನ್ನು ತಡೆದುಬಿಡುತ್ತದೆ, ಹಾಗಾಗಿ ಚೇಂಬರಿಗೆ ಕ್ವಾರ್ಟ್ಜ್ ಕಿಟಕಿ.

ಆಕ್ಸಿಜನ್ ತುಂಡಿನ ಮೇಲೆ ಬೆಳಕು ಬಿಟ್ಟಾಗ ಮೀಟರ್ ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಕಿರಣವನ್ನು ಪಕ್ಕದ ಹೈಡ್ರೋಜನ್ ತುಂಡಿಗೆ ಸರಿಸಿದೆ. ಕರೆಂಟ್ ಜಿಗಿಯಿತು.

"ಮೇಡಂ, ಬರ್ತಾ ಇದೆ!"

"ಶಟರ್ ಮುಚ್ಚು. ಆಮೇಲೆ ಹೋಲ್ಡರ್ ಮೇಲೂ ಬಿಟ್ಟು ನೋಡು."

ಅವರು ಹೇಳಿದ್ದು ಸರಿ. ತುಂಡುಗಳನ್ನು ಹಿಡಿದಿರುವ ಹೋಲ್ಡರ್ ಲೋಹದ್ದು, ಇಷ್ಟು ಶಕ್ತಿಯ ಬೆಳಕಿಗೆ ಲೋಹವೂ ಎಲೆಕ್ಟ್ರಾನ್ ಬಿಡುತ್ತದೆ. ಶಟರ್ ಮುಚ್ಚಿದಾಗ ಕರೆಂಟ್ ನಿಂತಿತು. ಹೋಲ್ಡರ್ ಮೇಲೆ ಬಿಟ್ಟಾಗ ಬಂದದ್ದು ತೀರಾ ಕಡಿಮೆ. ಲೇಸರಿನ ಶಕ್ತಿಯನ್ನು ಅರ್ಧ ಮಾಡಿದೆ, ಕರೆಂಟೂ ಅರ್ಧವಾಯಿತು. ಅಂದರೆ ಒಂದು ಎಲೆಕ್ಟ್ರಾನಿಗೆ ಒಂದೇ ಫೋಟಾನ್, ಅಂದರೆ ಬೆಳಕಿನ ಒಂದೇ ಕಣ, ಸಾಕಾಗಿದೆ. ಎರಡು ಬೇಕಿದ್ದರೆ ಕರೆಂಟ್ ಕಾಲು ಭಾಗಕ್ಕೆ ಇಳಿಯುತ್ತಿತ್ತು.

ಹೈಡ್ರೋಜನ್ ತುಂಡಿನಲ್ಲಿ ಮಾತ್ರ ಕರೆಂಟ್ ಜಿಗಿದದ್ದರ ಕಾರಣ ನನಗೆ ಇವತ್ತಿಗೂ ಬಹಳ ಇಷ್ಟ. ವಜ್ರದೊಳಗೆ ಎಲೆಕ್ಟ್ರಾನನ್ನು ಮೇಲಿನ ಪಟ್ಟಿಗೆ, ಅಂದರೆ ಅದು ಓಡಾಡಬಲ್ಲ ಶಕ್ತಿಯ ಮಟ್ಟಕ್ಕೆ, ಏರಿಸಲು ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಮ್ಮ ಫೋಟಾನಿನ ಹತ್ತಿರ 5.8 ಇದೆ. ಆದ್ದರಿಂದ ಎರಡೂ ತುಂಡಿನಲ್ಲಿ ಎಲೆಕ್ಟ್ರಾನ್ ಏರಿತ್ತು. ಆದರೆ ಆಕ್ಸಿಜನ್ ಇರುವ ಮೈಯಲ್ಲಿ ಹೊರಗೆ ಬರಲು ಇನ್ನೂ ಒಂದು ಗೋಡೆ ಹತ್ತಬೇಕು. ಹೈಡ್ರೋಜನ್ ಇದ್ದರೆ ಹೊರಗಿನ ನಿರ್ವಾತದ ಮಟ್ಟವೇ ಆ ಪಟ್ಟಿಗಿಂತ ಒಂದು ಎಲೆಕ್ಟ್ರಾನ್ ವೋಲ್ಟಿಗಿಂತ ಜಾಸ್ತಿ ಕೆಳಗಿರುತ್ತದೆ. ಜಗಲಿಯಿಂದ ಅಂಗಳಕ್ಕೆ ಇಳಿದ ಹಾಗೆ ಎಲೆಕ್ಟ್ರಾನ್ ಆಚೆ ಬರುತ್ತದೆ. ವಜ್ರದ ಈ ಗುಣ 1979ರಲ್ಲೇ ಗೊತ್ತಾಗಿತ್ತು. ಪುಸ್ತಕದಲ್ಲಿ ಓದಿದ್ದೆ ಕೂಡ. ಆದರೆ ಕಿರಣವನ್ನು ಕೆಲವೇ ಮಿಲಿಮೀಟರ್ ಸರಿಸಿ ಅದನ್ನು ಕಣ್ಣಾರೆ ನೋಡುವುದೇ ಬೇರೆ, ಅಲ್ವಾ?

ಇದು ಸುಮ್ನೆ ಕುತೂಹಲಕ್ಕೆ ಮಾಡುವ ಕೆಲಸವಲ್ಲ. 2013ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಹ್ಯಾಮರ್ಸ್ ತಂಡ ಹೀಗೆಯೇ ವಜ್ರದಿಂದ ನೀರಿಗೆ ಎಲೆಕ್ಟ್ರಾನ್ ಇಳಿಸಿ, ನೈಟ್ರೋಜನನ್ನು ಅಮೋನಿಯಾ ಮಾಡಿ ತೋರಿಸಿತು. ಇವತ್ತು ಗೊಬ್ಬರದ ಅಮೋನಿಯಾ ತಯಾರಿಸಲು ಎಷ್ಟೊಂದು ಶಾಖ, ಒತ್ತಡ ಬೇಕು! ಬೆಳಕಿನಿಂದಲೇ ಆದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ ಅಂತ ನಾನು ನಂಬಿದ್ದೇನೆ.

ತೊಡಕು ಬೆಳಕಿನದೇ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ 213 ನ್ಯಾನೋಮೀಟರ್ ಇರುವುದಿಲ್ಲ, ಓಝೋನ್ ಪದರ ಅದನ್ನು ಮೇಲೆಯೇ ಹೀರಿಕೊಳ್ಳುತ್ತದೆ. ಬೋರಾನ್ ಬದಲು ನೈಟ್ರೋಜನ್ ಬೆರೆಸಿದರೆ, ಮೇಲಿನ ಪಟ್ಟಿಗಿಂತ ಸುಮಾರು 1.7 ಎಲೆಕ್ಟ್ರಾನ್ ವೋಲ್ಟ್ ಕೆಳಗೇ ಎಲೆಕ್ಟ್ರಾನುಗಳು ಸಿಗುತ್ತವೆ. ಅವನ್ನು ಏರಿಸಲು ಕಣ್ಣಿಗೆ ಕಾಣುವ ಬೆಳಕೇ ಸಾಕು. ಈಗ ನಾವು ಆ ಪದರಗಳನ್ನು ಬೆಳೆಸುತ್ತಿದ್ದೇವೆ, ಹಸಿರು ಲೇಸರಿನಲ್ಲಿ ನೋಡಲು.