ಏಣಿ ಅಂದ್ರೆ ಏಣಿ

ಸಾಗರಕ್ಕೆ ಹೋಗಿದ್ದು ನಾಲ್ಕು ದಿನಕ್ಕೆ. ಜೋಗ ನೋಡಿದೆ, ಇಕ್ಕೇರಿ ನೋಡಿದೆ. ಕೆಳದಿಯ ವೀರಭದ್ರ ಗುಡಿಯ ಚಾವಣಿಯಲ್ಲಿರುವ ಗಂಡಭೇರುಂಡವನ್ನು ಕುತ್ತಿಗೆ ನೋಯುವವರೆಗೆ ನೋಡಿದೆ. ಊರಿಗೆ ಬಂದ ಮೇಲೂ ಕಣ್ಣಲ್ಲಿ ನಿಂತಿರುವುದು ಮಾತ್ರ ಒಂದು ಬಿದಿರಿನ ಬುಟ್ಟಿ.

ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಸಾಗರ, ಸೊರಬದ ಕಡೆಯ ದೀವರು ಎಂಬ ಸಮುದಾಯದ ಮನೆಗಳಲ್ಲಿ ದಸರಾ ಮುಗಿಯುತ್ತಿದ್ದಂತೆ ಹೆಂಗಸರು ಹಬ್ಬದ ದಿನ ಗದ್ದೆಗೆ ಊಟ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಲು ಕೂರುತ್ತಾರೆ. ಗೆಳತಿಯ ಅಜ್ಜಿಮನೆ ಅಂಥ ಒಂದು ಊರಲ್ಲಿದೆ. ನಾವು ಹೋದಾಗ ಅಜ್ಜಿ ಜಗಲಿಯಲ್ಲಿ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದರು. ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿ. ಪಕ್ಕದ ಗೆರಟೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ. ಕೈಯಲ್ಲಿ ಪುಂಡಿ ನಾರಿನ ಕುಂಚ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ಒಂದು ಎಳೆಯ ಪಕ್ಕ ಇನ್ನೊಂದು ಎಳೆ, ಕೂದಲಷ್ಟು ಸಣ್ಣ, ಎಲ್ಲೂ ನಡುಕವಿಲ್ಲ. ನಾನು ಮಾತಾಡುವುದನ್ನೇ ಮರೆತು ನೋಡುತ್ತಾ ಕೂತೆ.

ಆಮೇಲೆ ಕೇಳಿದೆ, "ಅಜ್ಜಿ, ಇದೇನು?"

"ಏಣಿ."

"ಏಣಿ ಅಂದ್ರೆ ಏನರ್ಥ?"

ಅಜ್ಜಿ ಕುಂಚ ನಿಲ್ಲಿಸಿ ನನ್ನ ಮುಖ ನೋಡಿದರು. "ಏಣಿ ಅಂದ್ರೆ ಏಣಿ ಮಗಾ. ಹತ್ತೋದು."

ಸ್ವರ್ಗಕ್ಕೆ ದಾರಿ, ಬಾಳಿನ ಮೆಟ್ಟಿಲು, ಅಂಥದ್ದೇನಾದರೂ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಇನ್ನೊಂದು ಕಡೆ ಬೆರಳಿಟ್ಟೆ. "ಬತ್ತದ ಸಸಿ" ಎಂದರು. ಮತ್ತೊಂದು "ಬಾಸಿಂಗ". ಪ್ರತಿ ಗೆರೆಗೂ ಹೆಸರಿದೆ. ಹೆಸರು ಹೇಳಿದ ಮೇಲೆ ಹೇಳುವುದಕ್ಕೆ ಬೇರೇನೂ ಉಳಿದಿಲ್ಲ ಎಂಬಂತೆ ಕೈ ಮತ್ತೆ ಓಡುತ್ತಿತ್ತು.

"ಚಿತ್ರ ಬಿಡಿಸೋಕೆ ಯಾರು ಕಲಿಸಿದ್ರು?" ಎಂದೆ.

"ಬಿಡಿಸೋದಲ್ಲ, ಬರೆಯೋದು. ಅತ್ತೆ ಬರೀತಿದ್ರು, ನೋಡಿ ಬರೆದೆ."

ಸರಿ ಅಲ್ವಾ? ನಮ್ಮ ಭಾಷೆಯಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹಿಂದಿನ ಕೋಣೆಯ ಗೋಡೆಯಲ್ಲಿ ಮೊಮ್ಮಗನ ಮದುವೆಗೆ ಬರೆದ ಹಸೆ ಚಿತ್ತಾರ ಮಾಸಿಕೊಂಡು ಉಳಿದಿತ್ತು. ಮದುಮಕ್ಕಳನ್ನು ಕೂರಿಸುವುದು ಅದರ ಮುಂದೆಯೇ. 'ಹಸೆಮಣೆ ಏರಿದರು' ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಹಸೆ ಬರೆದ ಗೋಡೆ ನೋಡಿದ್ದು ಅದೇ ಮೊದಲು.

ಚೀಲದಲ್ಲಿದ್ದ ನನ್ನ ಬುಟ್ಟಿ ಆಗ ನೆನಪಾಯಿತು. ಹಿಂದಿನ ದಿನ ದಾರಿಯ ಅಂಗಡಿಯೊಂದರಲ್ಲಿ 'ಮಣ್ಣಿನ ಬಣ್ಣ, ಕೈಯಲ್ಲೇ ಬರೆದದ್ದು' ಎಂದು ನಂಬಿಸಿ ಕೊಟ್ಟಿದ್ದರು. ಒಂಬೈನೂರು ರೂಪಾಯಿ. ಅಜ್ಜಿ ಉಗುರಿನಿಂದ ಕೆರೆದರು. ಸಿಪ್ಪೆಯಂತೆ ಎದ್ದು ಬಂತು. "ಇದು ಡಬ್ಬಿ ಪೇಂಟು" ಎಂದರು. ಆ ಸಿಟ್ಟು ನನಗಿನ್ನೂ ಹೋಗಿಲ್ಲ. ಕೊಳ್ಳುವವರು ಮೂಸಿ ನೋಡಿ. ಮಣ್ಣಿನ ವಾಸನೆ ಬರಬೇಕು, ಮಿರಮಿರ ಹೊಳೆಯಬಾರದು. ಬಿಳಿ ಅಕ್ಕಿಯದು, ಕಪ್ಪು ಹುರಿದು ಕರಿಯಾದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ನೀಲಿ ಕಂಡರೆ ಎರಡು ಸಲ ಯೋಚಿಸಿ. ಇನ್ನೊಂದು ಮಾತು. ಹಬ್ಬದ ದಿನವೇ ಹೋದರೆ ಬರೆಯುವುದು ನೋಡಲು ಸಿಗುವುದಿಲ್ಲ, ಅಷ್ಟರಲ್ಲಿ ಬುಟ್ಟಿ ಮುಗಿದಿರುತ್ತದೆ.

ಜಗಲಿಯಿಂದ ಏಳುವಾಗ ಮತ್ತೆ ಕೇಳದೆ ಇರಲಾಗಲಿಲ್ಲ. "ಆದ್ರೂ ಅಜ್ಜಿ, ಅನ್ನ ಹೊತ್ತುಕೊಂಡು ಹೋಗೋ ಬುಟ್ಟಿಗೆ ಇಷ್ಟೆಲ್ಲ ಯಾಕೆ?"

"ಗದ್ದೆ ಹೊಡೆಯಾಗಿದೆ" ಎಂದರು. "ಬಸುರಿಗೆ ಬಯಕೆ ಊಟ ಹಾಕ್ತಾರಲ್ಲ, ಹಂಗೇ. ಹರಕು ಬುಟ್ಟಿಲಿ ತಗಂಡೋಗ್ತಾರಾ?"

ಹುಣ್ಣಿಮೆಯ ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಕಡುಬು ಬೆಂದವು. ಬೆರಕೆ ಸೊಪ್ಪಿನ ಅಚ್ಚಂಬಲಿ ಚಿಕ್ಕ ಬುಟ್ಟಿಗೆ ಹೋಯಿತು. ಬೆಳಕು ಹರಿಯುವ ಮೊದಲೇ ಗಂಡಸರು ಅದನ್ನು ಗದ್ದೆಗೆ ಬೀರುತ್ತಾ ಕೂಗಿದರು: "ಅಚ್ಚಂಬಲಿ, ಹಾಲಂಬಲಿ..." ಆಚೆ ಗದ್ದೆಯಿಂದಲೂ ಕೂಗು, ಅದರಾಚೆಯಿಂದಲೂ ಕೂಗು. ಕತ್ತಲಲ್ಲಿ ನನಗೆ ಯಾರೂ ಕಾಣಲಿಲ್ಲ.

ಬಿಸಿಲು ಬಂದ ಮೇಲೆ ಸೊಸೆ ದೊಡ್ಡ ಬುಟ್ಟಿಯನ್ನು ತಲೆ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ನಡೆದರು. ಬುಟ್ಟಿ ಮೇಲಿನ ಬತ್ತದ ಸಸಿ, ಅದರ ಕೆಳಗೆ ನಿಜವಾದ ಬತ್ತ. ಪೂಜೆ ಮಾಡುವಾಗ ಪೈರಿಗೆ ಸರ ಹಾಕಿದರು. ಅಜ್ಜಿ ನನ್ನ ಕೈ ಹಿಡಿದು ಒಂದು ತೆಂಡೆಯ ಹತ್ತಿರ ಕರೆದರು. "ಮುಟ್ಟು, ಮೆತ್ತಗೆ" ಎಂದರು. ಎಲೆಯ ಸುರುಳಿಯೊಳಗೆ ತೆನೆ ಇತ್ತು, ಇನ್ನೂ ಹೊರಗೆ ಬಂದಿರಲಿಲ್ಲ. ಪೈರಿನ ಹೊಟ್ಟೆ ನಿಜವಾಗಿಯೂ ಉಬ್ಬಿತ್ತು.