ಮೋಟರ್ ಎತ್ತೋರಿಗೆ ಎಣ್ಣೆ ತರೋದು ಯಾರು?

ಕುಡಿಯುತ್ತಿದ್ದ ಕಾಲದಲ್ಲಿ ನನ್ನ ಹತ್ತಿರ ಎಲ್ಲ ತಾಪತ್ರಯಕ್ಕೂ ಒಂದೇ ಉತ್ತರ ಇತ್ತು. ಕೊಬ್ಬರಿ ರೇಟು ಬಿತ್ತಾ, ಒಂದು ಕ್ವಾರ್ಟರ್. ಏರಿತಾ, ಆಗಲೂ ಒಂದು ಕ್ವಾರ್ಟರ್. ಹಾಗಾಗಿ ಬಿಟ್ಟ ಮೇಲೆ ಕಾಡಿದ್ದು ಕುಡಿಯುವ ಚಪಲ ಒಂದೇ ಅಲ್ಲ. ಸಣ್ಣ ತೊಂದರೆ ಬಂದರೂ ಮುಂದೇನು ಮಾಡಬೇಕು ಅಂತ ತೋಚುತ್ತಿರಲಿಲ್ಲ. ನಲವತ್ತು ದಾಟಿದ ಗಂಡಸಿಗೆ!

ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿ ಬಂದಿದ್ದೆ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೂ ಹೋಗುತ್ತಿದ್ದೆ. ಅಲ್ಲಿನ ಕೌನ್ಸೆಲರ್ ಮೇಡಂ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ತೊಂದರೆ ಏನು ಅಂತ ಒಂದೇ ಸಾಲಿನಲ್ಲಿ ಬರೆಯಬೇಕು. ತೋಚಿದ ದಾರಿಗಳನ್ನೆಲ್ಲ, ಹುಚ್ಚುಚ್ಚಾಗಿದ್ದರೂ, ಅದರ ಕೆಳಗೆ ಬರೆಯಬೇಕು. ಆಮೇಲೆ ಒಂದೊಂದರ ಲಾಭ ನಷ್ಟ ನೋಡಿ, ಒಂದನ್ನು ಮಾಡಿ ನೋಡಬೇಕು. 1971ರಲ್ಲಿ ಡಿಜುರಿಲ್ಲಾ, ಗೋಲ್ಡ್‌ಫ್ರೈಡ್ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಬರೆದಿಟ್ಟ ಕ್ರಮವಂತೆ ಇದು. ಸಂತೆ ಚೀಟಿ ಬರೆಯೋಕೂ ವಿಜ್ಞಾನಿಗಳು ಬೇಕಾ ಅಂತ ಒಳಗೊಳಗೇ ನಕ್ಕಿದ್ದೆ.

ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಕೈಕೊಟ್ಟಿತು. ನಮಗೆ ತ್ರೀ ಫೇಸ್ ಕರೆಂಟು ಬರುವುದೇ ದಿನಕ್ಕೆ ಏಳು ಗಂಟೆ, ಅದರಲ್ಲೂ ಅರ್ಧ ರಾತ್ರಿ ಹೊತ್ತು. ಸ್ಟಾರ್ಟರ್ ಒತ್ತಿದರೆ ಟ್ರಿಪ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಹುಡುಗ ಸೀರೀಸ್ ಬಲ್ಬ್ ಹಿಡಿದು ನೋಡಿ, "ಕಾಯಿಲ್ ಹೋಗಿದೆ ಅಣ್ಣ, ಎತ್ತಿಸಲೇಬೇಕು" ಅಂದ. 600 ಅಡಿ ಆಳ. 20 ಅಡಿಯ 30 ಪೈಪು ಒಂದೊಂದಾಗಿ ಬಿಚ್ಚಬೇಕು. ಅಡಿಕೆ ಸಸಿಗಳು ಆಗಲೇ ಬಾಡಿ ನಿಂತಿದ್ದವು. ನೀರಿನ ಸರದಿಗೆ ಪಕ್ಕದ ತೋಟದವನ ಜೊತೆ ಬೆಳಿಗ್ಗೆಯೇ ಬಾಯಿಗೆ ಬಾಯಿ ಆಗಿತ್ತು.

ಬಿಟ್ಟವರು ಮತ್ತೆ ಶುರು ಮಾಡುವುದು ಹೆಚ್ಚಾಗಿ ಮೂರು ಸಂದರ್ಭದಲ್ಲಿ ಅಂತ ಮೇಡಂ ಹೇಳಿದ್ದರು: ಮನಸ್ಸು ಕೆಟ್ಟಾಗ, ಜಗಳ ಆದಾಗ, ಜೊತೆಯವರು ಒತ್ತಾಯ ಮಾಡಿದಾಗ. ಆಲನ್ ಮಾರ್ಲಾಟ್ ಅನ್ನುವ ಇನ್ನೊಬ್ಬ ಮನಃಶಾಸ್ತ್ರಜ್ಞರು ಕಂಡುಕೊಂಡ ಲೆಕ್ಕ. ಆ ಮೂರರಲ್ಲಿ ಎರಡು ಅವತ್ತು ಮಧ್ಯಾಹ್ನಕ್ಕೇ ಆಗಿಹೋಗಿದ್ದವು. ಮೂರನೆಯದು ದಾರಿಯಲ್ಲಿತ್ತು.

ಮಗಳ ಹಳೇ ನೋಟ್‌ಬುಕ್ ತೆಗೆದು ಕೂತೆ. "ಮೋಟರ್ ಸುಟ್ಟಿದೆ, ದುಡ್ಡಿಲ್ಲ, ತೋಟ ಒಣಗ್ತಿದೆ" ಅಂತ ಬರೆದೆ. ಹೆಂಡತಿ ಹಿಂದಿನಿಂದ ಇಣುಕಿ ನೋಡಿದಳು. "ಇದಕ್ಯಾಕ್ರೀ ಇಷ್ಟು ತಲೆ ಕೆಡಿಸ್ಕೋತೀರಾ? ವೈಂಡಿಂಗ್ ಅಂಗಡಿಯವನು ಸಾಲ ಕೊಡ್ತಾನೆ, ಹಾಲಿನ ಬಿಲ್ ಬಂದಾಗ ಕಟ್ಟಿದ್ರಾಯ್ತು. ಮೋಟರ್ ಎತ್ತೋರಿಗೆ ಎಣ್ಣೆ ತರೋದು ಯಾರು, ಅದು ಹೇಳಿ" ಅಂದಳು.

ಪೆನ್ನು ಅಲ್ಲೇ ನಿಂತಿತು. ನಮ್ಮ ಕಡೆ ಮೋಟರ್ ಎತ್ತೋರಿಗೆ ಕೂಲಿ ಬೇರೆ, ಸಂಜೆಯ ಎಣ್ಣೆ ಬೇರೆ. ತರುವುದು ತೋಟದ ಯಜಮಾನ, ಜೊತೆಗೆ ಕೂರುವವನೂ ಅವನೇ. ಬರೆದಿದ್ದನ್ನು ಹೊಡೆದು ಅವಳ ಮಾತನ್ನೇ ಬರೆದೆ.

ದಾರಿಗಳು: ಬಾಮೈದನ ಕೈಲಿ ತರಿಸುವುದು. ಬೇರೆ ಊರಿನ ತಂಡ ಕರೆಸುವುದು. ಬಾಟಲಿ ಬದಲು ದುಡ್ಡು ಕೊಡುವುದು. ಮಧ್ಯಾಹ್ನ ಬಾಡೂಟ ಹಾಕಿಸುವುದು. ಬಾಟಲಿ ಬಂದ ತಕ್ಷಣ ಎದ್ದು ಓಡಿಹೋಗುವುದು. ಕೊನೆಯದು ಅವಳು ಹೇಳಿದ್ದು. ಸ್ವಂತ ತೋಟದಿಂದ ಓಡಿಹೋಗೋದಾ ಅಂತ ಅದನ್ನು ಮೊದಲು ಹೊಡೆದುಹಾಕಿದೆ. ಬಾಮೈದ ತಂದರೂ ನಾನು ಕೂರಲೇಬೇಕಲ್ವಾ, ಅದೂ ಹೋಯಿತು. ಬೇರೆ ಊರಿನವರು ಬರುವುದಕ್ಕೆ ವಾರ ಆಗುತ್ತದೆ. ದುಡ್ಡು ಮತ್ತು ಊಟ ಉಳಿದವು.

ತಂಡದ ಹಿರಿಯನಿಗೆ ಫೋನಿನಲ್ಲೇ ಹೇಳಿಬಿಟ್ಟೆ. "ಅಣ್ಣ, ನಾನು ಬಿಟ್ಟಿದ್ದೀನಿ. ಎಣ್ಣೆ ತರಲ್ಲ. ಅದರ ದುಡ್ಡು ಕೂಲಿ ಜೊತೆಗೇ ಕೊಡ್ತೀನಿ, ಮಧ್ಯಾಹ್ನ ಕೋಳಿ ಸಾರು ಮುದ್ದೆ." ಅವನು ನಗುತ್ತಾನೆ ಅಂದುಕೊಂಡಿದ್ದೆ. "ಮುದ್ದೆ ಬಿಸಿ ಇರ್ಲಿ" ಅಂದ, ಅಷ್ಟೇ. ಎದುರಿಗೆ ನಿಂತು ಹೇಳಬೇಕಿದ್ದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ, ಅದಂತೂ ನಿಜ. ಬೆಳಿಗ್ಗೆ ಆರಕ್ಕೆ ಬಂದರು, ಎತ್ತಿದರು, ಉಂಡರು, ದುಡ್ಡು ಎಣಿಸಿಕೊಂಡು ಹೋದರು.

ಎತ್ತಿದ ಮೋಟರನ್ನು ಮತ್ತೆ ಇಳಿಸಬೇಕಲ್ಲ! ವೈಂಡಿಂಗ್ ಆಗಿ ಬಂದ ದಿನ ಕೆಲಸ ಮುಗಿಯುವುದು ಸಂಜೆಯಾಯಿತು. ನೀರು ಬಂತು, ಎಲ್ಲರಿಗೂ ಖುಷಿ. ಹುಡುಗನೊಬ್ಬ ಬೈಕಿನ ಬ್ಯಾಗಿನಿಂದ ಬಾಟಲಿ ತೆಗೆದ. ಅವರೇ ತಂದಿದ್ದು. ಪಂಪ್‌ಹೌಸ್ ಕಟ್ಟೆಯ ಮೇಲೆ ಲೋಟ ಇಟ್ಟು, ನನ್ನ ಲೋಟಕ್ಕೂ ಒಂದು ಬೆರಳಷ್ಟು ಬಗ್ಗಿಸಿದ. "ನೀರು ಬಂದಿದ್ದಕ್ಕೆ ಅಣ್ಣ, ಒಂದೇ ಒಂದು." ಇದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಇತ್ತು, ಹೊಡೆದುಹಾಕಿದ್ದೆ.

"ಫ್ಯೂಸ್ ತರ್ಬೇಕು" ಅಂತ ಬೈಕ್ ಹತ್ತಿದೆ. ಫ್ಯೂಸ್ ಏನೂ ಹೋಗಿರಲಿಲ್ಲ, ಅವರಿಗೂ ಗೊತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿದೆ, ಬೋಂಡ ತಿಂದೆ, ಹೆಂಡತಿಗೆ ಫೋನ್ ಮಾಡಿದೆ. "ಅವರು ಹೋದ್ಮೇಲೆ ನಾನೇ ಹೇಳ್ತೀನಿ, ಅಲ್ಲೇ ಇರಿ. ಹಂಗೇ ಮಕ್ಕಳಿಗೂ ಬೋಂಡ ಕಟ್ಟಿಸ್ಕೊಂಡು ಬನ್ನಿ" ಅಂದಳು.

ಆಗಿದ್ದನ್ನೆಲ್ಲ ಬರೆದು ಮಂಗಳವಾರ ಮೇಡಂಗೆ ತೋರಿಸಿದೆ. ಓದಿ, ಓಡಿಹೋಗುವ ಸಾಲಿನ ಮೇಲಿನ ಗೀಟನ್ನು ಅಳಿಸೋಕೆ ಹೇಳಿದರು. ಪೆನ್ನಿನ ಗೀಟು, ಅಳಿಸೋದು ಹೆಂಗೆ? ಕೆಳಗೆ ಮತ್ತೊಮ್ಮೆ ಬರೆದುಕೊಂಡೆ. ಮುಂದಿನ ತಿಂಗಳು ಬಾಮೈದನ ಬೀಗರೂಟ ಇದೆ. ಅದರ ಪಟ್ಟಿ ಇನ್ನೂ ಶುರು ಮಾಡಿಲ್ಲ.